22 ಇದ್ದದ್ದು 22ಕ್ಕೇ ನಿಲ್ತು: ಒಬ್ಬ ರೂಕಿ (ಮೊದಲ ವರ್ಷದ ಆಟಗಾರ) ಬಂದ್ರೆ ಟೀಮ್ ಬದಲಾಗುತ್ತಾ?

ಕುವೆಂಪುನಗರ ಲೆಫ್ಟಿ · 27 ಜೂನ್ 2025, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಇವತ್ತು ಮೊದಲ ಆಷಾಢ ಶುಕ್ರವಾರ, ಅರ್ಧ ಮೈಸೂರು ಬೆಟ್ಟದ ಮೇಲಿರುತ್ತೆ, ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಯಾರೂ ಬರಲ್ಲ ಅಂದ್ಕೊಂಡಿದ್ದೆ. ಐದು ಜನ ಬಂದ್ರು. ರಾತ್ರಿ ಮಳೆಗೆ ಫ್ರೀ ಥ್ರೋ ಲೈನ್ ಹತ್ರ ನೀರು ನಿಂತಿತ್ತು. ಗೋಣಿಚೀಲದಲ್ಲಿ ಒರೆಸ್ತಾ ಒರೆಸ್ತಾ ಜಗಳ ಶುರುವಾಯ್ತು, ಆಟ ಆಡಿದ್ದು ಕಮ್ಮಿ, ಬಾಯಿ ಆಡಿದ್ದೇ ಜಾಸ್ತಿ.

ನಮ್ಮ ಜೊತೆ ಆಡೋ ಪಿಯುಸಿ ಹುಡುಗ ನಿನ್ನೆ ಬೆಳಿಗ್ಗೆ ಐದೂವರೆಗೇ ಎದ್ದು ಎನ್‌ಬಿಎ ಡ್ರಾಫ್ಟ್ ನೋಡಿದಾನೆ, ಅಂದ್ರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸಿಕೊಳ್ಳೋ ಕಾರ್ಯಕ್ರಮ. ಡಲ್ಲಾಸ್ ಮ್ಯಾವರಿಕ್ಸ್ ಮೊದಲ ಆಯ್ಕೆಯಾಗಿ ಡ್ಯೂಕ್ ಯೂನಿವರ್ಸಿಟಿಯ ಕೂಪರ್ ಫ್ಲಾಗ್‌ನ ತಗೊಂಡ್ರು. ಹುಡುಗನಿಗೆ ಇನ್ನೂ 18 ವರ್ಷ. ಇವನ ಪ್ರಕಾರ ಮುಂದಿನ ವರ್ಷ ಡಲ್ಲಾಸ್ ನೇರ ಫೈನಲ್ಸ್‌ಗೆ. ನಾನು "ಸ್ಪರ್ಸ್‌ಗೆ ಆ ಫ್ರಾನ್ಸ್ ಹುಡುಗ ವೆಂಬನ್ಯಾಮ ಬಂದಾಗ್ಲೂ ಜನ ಹಿಂಗೇ ಕುಣಿದಿದ್ರು ಕಣೋ, ಏನಾಯ್ತು?" ಅಂದೆ.

ಏನಾಯ್ತು ಅಂದ್ರೆ ಇದು. 2022–23ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ 82 ಪಂದ್ಯದಲ್ಲಿ 22 ಗೆದ್ದು 60 ಸೋತಿತ್ತು. ವೆಂಬನ್ಯಾಮ ಬಂದ 2023–24ರಲ್ಲಿ? 22 ಗೆಲುವು, 60 ಸೋಲು. ಒಂದೇ ಒಂದು ಪಂದ್ಯ ಆಕಡೆ ಈಕಡೆ ಇಲ್ಲ. ಆ ವರ್ಷದ ಅತ್ಯುತ್ತಮ ರೂಕಿ ಅಂತ ಓಟು ಹಾಕಿದೋರೆಲ್ಲಾ ಅವನಿಗೇ ಹಾಕಿದ್ರು, ಒಂದು ಓಟೂ ತಪ್ಪಲಿಲ್ಲ. ಪಂದ್ಯಕ್ಕೆ ಸರಾಸರಿ 21.4 ಪಾಯಿಂಟ್, 10.6 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯೋದು), 3.6 ಬ್ಲಾಕ್ (ಎದುರಾಳಿಯ ಶಾಟ್ ತಡೆಯೋದು). ಟೀಮ್ ಮಾತ್ರ ಇದ್ದಲ್ಲೇ ಇತ್ತು.

ಹಾಗಾದ್ರೆ ಅವನ ಪರಿಣಾಮ ಸೊನ್ನೆನಾ? ಇಲ್ಲ ಅಂತ ನನ್ನ ಮನಸ್ಸು ಹೇಳುತ್ತೆ, ಆದ್ರೆ ಆ ಹುಡುಗನ ಮುಂದೆ ಬಿಡಿಸಿ ಹೇಳೋಕೆ ಬರಲಿಲ್ಲ. ಬಲ್ಲವರು ಹೇಳಿ.

ಅಂಕಿ ಲೆಕ್ಕ · 27 ಜೂನ್, ಬೆಳಿಗ್ಗೆ 10:02

ಸ್ಪರ್ಸ್‌ನ ಉದಾಹರಣೆ ತಗೊಂಡಿದ್ದೇ ತಮಾಷೆ. ರೂಕಿ ಬಂದು ಟೀಮು ಮೇಲೆದ್ದ ಎರಡು ದೊಡ್ಡ ಕತೆಗಳು ಇರೋದೂ ಅದೇ ಊರಲ್ಲಿ. 1988–89ರಲ್ಲಿ ಸ್ಪರ್ಸ್ 21–61, ಅಂದ್ರೆ 21 ಗೆಲುವು, 61 ಸೋಲು. ಡೇವಿಡ್ ರಾಬಿನ್‌ಸನ್ ಬಂದ ಮುಂದಿನ ವರ್ಷ 56–26, ಅಂದ್ರೆ 35 ಗೆಲುವು ಜಾಸ್ತಿ. ಅವನನ್ನ 1987ರಲ್ಲೇ ಆರಿಸಿಕೊಂಡಿದ್ರು, ನೌಕಾಪಡೆಯ ಸೇವೆ ಮುಗಿಸಿ ಬರ್ಲಿ ಅಂತ ಎರಡು ವರ್ಷ ಕಾದ್ರು. ಆಮೇಲೆ 1996–97ರಲ್ಲಿ 20–62. ಟಿಮ್ ಡಂಕನ್ ಬಂದ. ಮತ್ತೆ 56–26. 36 ಜಾಸ್ತಿ.

ಅದಕ್ಕೂ ಮುಂಚೆ ಬಾಸ್ಟನ್‌ಗೆ ಲ್ಯಾರಿ ಬರ್ಡ್ ಬಂದಾಗ 29 ಗೆಲುವಿಂದ 61. ಮಿಲ್ವಾಕಿಗೆ ಕರೀಮ್ ಬಂದಾಗ, ಆಗಿನ್ನೂ ಅವನ ಹೆಸರು ಲ್ಯೂ ಆಲ್ಸಿಂಡರ್, 27ರಿಂದ 56.

ಆದ್ರೆ ಇನ್ನೊಂದು ಸಾಲೂ ಇದೆ. ಲೆಬ್ರಾನ್ ಬಂದಾಗ ಕ್ಲೀವ್‌ಲ್ಯಾಂಡ್ 17ರಿಂದ 35, ಪ್ಲೇಆಫ್ (ಕೊನೆಯ ನಾಕೌಟ್ ಸುತ್ತು) ಇಲ್ಲ. ಶಕೀಲ್ ಓನೀಲ್ ಬಂದಾಗ ಒರ್ಲ್ಯಾಂಡೊ 21ರಿಂದ 41, ಆಗಲೂ ಪ್ಲೇಆಫ್ ಇಲ್ಲ. ಮೈಕಲ್ ಜೋರ್ಡನ್ ಮೊದಲ ವರ್ಷ 28.2 ಪಾಯಿಂಟ್ ಸರಾಸರಿ ಹೊಡೆದ್ರೂ ಶಿಕಾಗೊ 27ರಿಂದ 38ಕ್ಕೆ ಹೋಯ್ತು ಅಷ್ಟೆ. ಡಾಂಚಿಚ್ ಬಂದಾಗ ಡಲ್ಲಾಸ್ 24ರಿಂದ 33. ಈಗ ಹೇಳಿ, ಜೋರ್ಡನ್‌ಗಿಂತ ರಾಬಿನ್‌ಸನ್ ಮೂರು ಪಟ್ಟು ದೊಡ್ಡ ಆಟಗಾರನಾ?

ನೂರಡಿ ರೋಡ್ ಗೌಡ · 27 ಜೂನ್, ಬೆಳಿಗ್ಗೆ 11:30

ಗುರು, ಇಷ್ಟುಕ್ಕೆಲ್ಲ ಲೆಕ್ಕ ಯಾಕೆ? ಒಂದೆತ್ತಲ್ಲಿ ನೇಗ್ಲು ಕಟ್ಟಕ್ಕಾದದಾ? ಎತ್ತು ಎಂಥ ಹಳ್ಳಿಕಾರ್ ಆದ್ರೂ ಇನ್ನೊಂದ್ ಕಡೆ ನೊಗ ಹೊರಕ್ಕೆ ಯಾರಾರ ಬೇಕಲ್ಲ. ಸ್ಪರ್ಸ್‌ನೋರು ಒಂದು ಕಡೆ ಹಳ್ಳಿಕಾರ್ ಕಟ್ಟುದ್ರು, ಇನ್ನೊಂದ್ ಕಡೆ ಕರ ಕಟ್ಟುದ್ರು. ಸಾಲು ಸೊಟ್ಟ ಹೋಯ್ತು, ಇನ್ನೇನಾಯ್ತದೆ.

ಈ ಡ್ರಾಫ್ಟ್ ಅನ್ನೋದೇ ಲಾಟ್ರಿ. ನಮ್ ದೇಶದ ಸತ್ನಾಮ್ ಸಿಂಗನ್ನ 2015ರಲ್ಲಿ ಇದೇ ಡಲ್ಲಾಸ್‌ನೋರು 52ನೇ ಆಯ್ಕೇಲಿ ತಗಂಡ್ರು. ಊರೆಲ್ಲಾ ಕುಣುದ್ವಿ. ಎನ್‌ಬಿಎಲಿ ಒಂದು ಮ್ಯಾಚಾರ ಆಡುಸುದ್ರಾ? ಇಲ್ಲ. 2013ರ ಮೊದಲ್ನೇ ಆಯ್ಕೆ ಆಂಟನಿ ಬೆನೆಟ್ ಅನ್ನೋನು ಮೊದಲ ವರ್ಷ ಮ್ಯಾಚ್‌ಗೆ ನಾಕು ಚಿಲ್ರೆ ಪಾಯಿಂಟು. ಸುಮ್ನೆ ಹುಡ್ಗುನ್ ತಲೆ ಮೇಲೆ ಮೂಟೆ ಹೊರಿಸ್‌ಬ್ಯಾಡಿ.

ಬೆಳಗಿನ ಆರೂವರೆ · 27 ಜೂನ್, ಮಧ್ಯಾಹ್ನ 1:15

ವೆಂಬನ್ಯಾಮನ (ನಮಗೆಲ್ಲ ವೆಂಬಿ) ಆ ಮೊದಲ ಸೀಸನ್ ಪೂರ್ತಿ ನೋಡಿದ ಪಾಪಿ ನಾನು, ಹಾಗಾಗಿ ಉದ್ದ ಬರೀತೀನಿ, ಕ್ಷಮಿಸಿ.

ಸ್ಯಾನ್ ಆಂಟೋನಿಯೋದಲ್ಲಿ ರಾತ್ರಿ ಏಳಕ್ಕೆ ಪಂದ್ಯ ಅಂದ್ರೆ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಆರೂವರೆ. ಮಗಳ ಡಬ್ಬಿಗೆ ಚಿತ್ರಾನ್ನ ಕಲಸ್ತಾ, ಫೋನನ್ನ ಉಪ್ಪಿನ ಜಾಡಿಗೆ ಒರಗಿಸಿ ನೋಡ್ತಿದ್ದೆ. ಮೊದಲ ಐದು ಪಂದ್ಯದಲ್ಲಿ ಮೂರು ಗೆದ್ರು. ಐದನೇದು ಫೀನಿಕ್ಸ್ ವಿರುದ್ಧ, ಅಲ್ಲಿ ನವೆಂಬರ್ 2ರ ರಾತ್ರಿ. 27 ಪಾಯಿಂಟ್ ಮುಂದಿದ್ದ ಸ್ಪರ್ಸ್ ಕರಗ್ತಾ ಕರಗ್ತಾ 116–116ಕ್ಕೆ ಬಂದು ನಿಂತ್ರು. ಕೆವಿನ್ ಡ್ಯುರಾಂಟ್, ಡೆವಿನ್ ಬುಕರ್ ಎದುರಿಗೆ. ಹತ್ತೊಂಬತ್ತು ವರ್ಷದ ಹುಡುಗ ಅಲ್ಲಿ ಚೆಂಡು ಕೇಳಿ ಇಸ್ಕೊಂಡ. ಸತತ 12 ಪಾಯಿಂಟ್ ಸ್ಪರ್ಸ್‌ದೇ, ಬಹುಪಾಲು ಅವನದೇ. 132–121. ಅವನದು 38. ನನ್ನ ಚಿತ್ರಾನ್ನಕ್ಕೆ ಅವತ್ತು ಉಪ್ಪು ಎರಡು ಸಲ ಬಿದ್ದಿತ್ತು ಅಂತ ಸಂಜೆ ಗೊತ್ತಾಯ್ತು.

ಆಮೇಲೆ ಸತತ 18 ಸೋಲು. ಆ ಫ್ರಾಂಚೈಸಿ ಚರಿತ್ರೆಯಲ್ಲೇ ಅಷ್ಟು ಉದ್ದದ ಸೋಲಿನ ಸಾಲು ಇರಲಿಲ್ಲ. ಮನೇಲಿ "ನಿಮ್ಮೋರು ಇವತ್ತೂ ಸೋತ್ರಾ?" ಅನ್ನೋದು "ಹಾಲು ಬಂತಾ?" ಅನ್ನೋಷ್ಟು ಮಾಮೂಲಾಗಿತ್ತು. ಡಿಸೆಂಬರ್ 15ಕ್ಕೆ ಲೇಕರ್ಸ್‌ನ ಸೋಲಿಸೋವರೆಗೂ ಅದೇ ಕತೆ.

ಯಾಕೆ ಸೋತ್ರು ಅಂತ ನನ್ನ ಕಣ್ಣಿಗೆ ಕಂಡಿದ್ದು ಹೇಳ್ತೀನಿ. ಕೋಚ್ ಪೊಪೊವಿಚ್ ಆ ವರ್ಷ ಜೆರೆಮಿ ಸೋಹಾನ್ ಅನ್ನೋ ಹುಡುಗನ್ನ ಪಾಯಿಂಟ್ ಗಾರ್ಡ್ ಮಾಡಿದ್ರು. ಅವನು ಮೂಲತಃ ಫಾರ್ವರ್ಡ್, ಪಾಯಿಂಟ್ ಗಾರ್ಡ್ ಮಾಡೋ ಚೆಂಡು ತಂದು ಆಟ ಕಟ್ಟೋ ಕೆಲಸ ಅವನದಲ್ಲ. ಒಂದು ದೃಶ್ಯ ನನಗೆ ಕಣ್ಣಿಗೆ ಕಟ್ಟಿದೆ, ಯಾಕಂದ್ರೆ ಅದು ದಿನಾ ಮೂರ್ನಾಲ್ಕು ಸಲ ಆಗ್ತಿತ್ತು: ವೆಂಬಿ ಸ್ಕ್ರೀನ್ ಕೊಟ್ಟು (ಡಿಫೆಂಡರ್‌ಗೆ ಅಡ್ಡ ನಿಂತು) ತಿರುಗಿ ಬುಟ್ಟಿ ಕಡೆ ಓಡ್ತಾನೆ, ಎರಡೂ ಕೈ ಮೇಲೆ. 7 ಅಡಿ 4 ಇಂಚಿನ ಮನುಷ್ಯ, ಕೈ ಚಾಚಿದ್ರೆ ಎಂಟಡಿ. ಸುಮ್ನೆ ಮೇಲಕ್ಕೆ ಎಸೆದ್ರೆ ಸಾಕು. ಚೆಂಡು ಇರೋನು ನೋಡ್ತಾನೆ, ಒಂದು ಸಲ ಡ್ರಿಬಲ್ ಮಾಡ್ತಾನೆ, ಇನ್ನೊಂದು ಸಲ ಮಾಡ್ತಾನೆ, ಅಷ್ಟರಲ್ಲಿ ಮೂರು ಜನ ಡಿಫೆಂಡರ್ ಬಂದು ಬಾಗಿಲು ಹಾಕ್ಕೊಂಡಾಗಿರುತ್ತೆ. ವೆಂಬಿ ಕೈ ಇಳಿಸ್ತಾನೆ. ನಾನು ಸೌಟು ಇಳಿಸ್ತೀನಿ.

ಇನ್ನೊಂದು, ಮೊದಲಲ್ಲಿ ಅವನನ್ನ ಸೆಂಟರ್ (ಬುಟ್ಟಿ ಹತ್ರ ನಿಲ್ಲೋ ಎತ್ತರದ ಆಟಗಾರ) ಆಡಿಸ್ತಿರಲಿಲ್ಲ. ಆ ಜಾಗದಲ್ಲಿ ಜ್ಯಾಕ್ ಕಾಲಿನ್ಸ್ ಇದ್ದ, ಇವನು ಪಕ್ಕದಲ್ಲಿ. ಡಿಸೆಂಬರ್‌ನಲ್ಲಿ ಸೆಂಟರ್‌ಗೆ ತಂದ್ರು. ಜನವರಿಯಲ್ಲಿ ಟ್ರೇ ಜೋನ್ಸ್‌ನ, ಅವನು ಹುಟ್ಟಾ ಪಾಯಿಂಟ್ ಗಾರ್ಡ್, ಮೊದಲ ಐವರಲ್ಲಿ ಇಳಿಸಿದ್ರು. ಅದೇ ಹುಡುಗ, ಅದೇ ಟೀಮು, ಆಟ ಮಾತ್ರ ಬೇರೆ.

ಅಂಕಿ ಲೆಕ್ಕ · 27 ಜೂನ್, ಮಧ್ಯಾಹ್ನ 1:50

ಆರೂವರೆ ಅವರು ಹೇಳಿದ್ದನ್ನ ಕೂಡಿ ಕಳೆದು ನೋಡಿ. ಮೊದಲ 23 ಪಂದ್ಯದಲ್ಲಿ 3 ಗೆಲುವು. ಉಳಿದ 59ರಲ್ಲಿ 19. ಮೊದಲ ಭಾಗದ ದರದಲ್ಲೇ ಹೋಗಿದ್ರೆ ವರ್ಷಕ್ಕೆ 11 ಗೆಲುವೂ ಬರ್ತಿರಲಿಲ್ಲ. ಎರಡನೇ ಭಾಗದ ದರದಲ್ಲಿ ಪೂರ್ತಿ ವರ್ಷ ಆಡಿದ್ರೆ 26 ಆಗ್ತಿತ್ತು. ಮಹಾ ಏನಲ್ಲ. ಆದ್ರೆ "22ಕ್ಕೆ 22" ಅನ್ನೋ ಸಂಖ್ಯೆಯೊಳಗೆ ಎರಡು ಬೇರೆ ಬೇರೆ ಟೀಮ್ ಅಡಗಿವೆ.

ಆರೂವರೆ ಅವರಿಗೆ: ಮೇಡಂ ಅಲ್ವಾ ನೀವು?

ಬೆಳಗಿನ ಆರೂವರೆ · 27 ಜೂನ್, ಮಧ್ಯಾಹ್ನ 2:04

ಸರ್ರೇ. ಚಿತ್ರಾನ್ನ ಗಂಡಸರೂ ಕಲಸ್ತಾರೆ.

ಪಿಟಿ ಮೇಷ್ಟ್ರು ನಿವೃತ್ತ · 27 ಜೂನ್, ಸಂಜೆ 6:40

ಮಂಡ್ಯದಿಂದ ಬರೆಯುತ್ತಿದ್ದೇನೆ. ಅಮೆರಿಕದ ಲೀಗನ್ನು ನಾನು ಮೊಮ್ಮಗನ ಫೋನಿನಲ್ಲಿ ನೋಡಿದಷ್ಟೇ. ಆದರೆ ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಮೇಜಿನ ಮುಂದೆ ಕುಳಿತು ಇಪ್ಪತ್ತು ವರ್ಷ ಸ್ಕೋರ್‌ಶೀಟ್ ಬರೆದವನು. ಅಲ್ಲಿಂದ ಒಂದು ಮಾತು.

ಬಹಳ ಹಿಂದೆ, ನಾನಿದ್ದ ಶಾಲೆಗೆ ವಿಸಿ ನಾಲೆ ಪಕ್ಕದ ಹಳ್ಳಿಯಿಂದ ಒಬ್ಬ ಹುಡುಗ ಒಂಬತ್ತನೇ ತರಗತಿಗೆ ಬಂದ. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರ. ಹಿಂದಿನ ದಿನದವರೆಗೂ ವಾಲಿಬಾಲ್ ಬಿಟ್ಟು ಬೇರೆ ಚೆಂಡು ಮುಟ್ಟಿದವನಲ್ಲ. ನಾನು ಅವನನ್ನು ಬುಟ್ಟಿಯ ಕೆಳಗೆ ನಿಲ್ಲಿಸಿದೆ. ಮೊದಲ ಟೂರ್ನಿಯಲ್ಲಿ ಮೊದಲ ಸುತ್ತಿಗೇ ಸೋತೆವು. ಹೆಡ್‌ಮೇಷ್ಟ್ರು "ಅಷ್ಟು ಎತ್ತರದ ಹುಡುಗನನ್ನು ಇಟ್ಟುಕೊಂಡೂ ಸೋತಿರಲ್ಲ" ಎಂದರು. ಶೀಟ್ ನೋಡಿದರೆ ಅವರದೇ ಸರಿ. ಅವನ ಹೆಸರಿನ ಮುಂದೆ ನಾಲ್ಕು ಪಾಯಿಂಟು, ನಾಲ್ಕು ಫೌಲು.

ಆದರೆ ಮೇಜಿನ ಮುಂದೆ ಕೂತಿದ್ದ ನನಗೆ ಕಂಡದ್ದು ಬೇರೆ. ಎದುರಾಳಿ ತಂಡದಲ್ಲಿ ಒಬ್ಬ ಪುಟ್ಟ ಚುರುಕು ಹುಡುಗನಿದ್ದ. ನಮ್ಮವರನ್ನು ಇಬ್ಬರನ್ನು ಸೀಳಿಕೊಂಡು ಒಳಗೆ ಬರುತ್ತಿದ್ದ. ಬಂದವನು ತಲೆಯೆತ್ತಿ ಈ ಹುಡುಗನನ್ನು ನೋಡುತ್ತಿದ್ದ. ಚೆಂಡನ್ನು ಎದೆಗೆ ಅವಚಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಹೊರಗೆ ನಿಂತವನಿಗೆ ಪಾಸ್ ಕೊಟ್ಟು ಬಿಡುತ್ತಿದ್ದ. ಒಂದಲ್ಲ, ಹತ್ತು ಸಲ. ನಮ್ಮ ಹುಡುಗ ಚೆಂಡು ಮುಟ್ಟಲಿಲ್ಲ, ಜಿಗಿಯಲಿಲ್ಲ, ಕೈಯೂ ಎತ್ತಲಿಲ್ಲ, ಸುಮ್ಮನೆ ನಿಂತಿದ್ದ. ಅದನ್ನು ಶೀಟಿನಲ್ಲಿ ಎಲ್ಲಿ ಬರೆಯಲಿ? ಪಾಯಿಂಟಿಗೆ ಕಾಲಂ ಇದೆ, ಫೌಲಿಗೆ ಇದೆ, ಟೈಮ್‌ಔಟಿಗೆ ಇದೆ. ಹೆದರಿ ವಾಪಸ್ ಹೋದವನಿಗೆ ಕಾಲಂ ಇಲ್ಲ.

ಇನ್ನೂ ಒಂದು ಹೇಳಬೇಕು, ಇದನ್ನು ಯಾರೂ ಹೇಳುವುದಿಲ್ಲ. ಹೊಸ ಹುಡುಗನಿಂದ ಕೆಡುಕೂ ಆಗುತ್ತದೆ. ಅವನು ಬಂದ ಮೇಲೆ ನನ್ನ ಉಳಿದ ನಾಲ್ವರು ಡಿಫೆನ್ಸಿಗೆ ಓಡಿ ಬರುವುದನ್ನೇ ಬಿಟ್ಟರು. "ಅವ್ನಿದಾನಲ್ಲ ಸಾ" ಎನ್ನುತ್ತಿದ್ದರು. ತಮ್ಮ ಮುಂದಿನವನನ್ನು ಒಳಗೆ ಬಿಟ್ಟು ಬೆನ್ನು ನೋಡುತ್ತ ನಿಲ್ಲುತ್ತಿದ್ದರು. ಅವನ ನಾಲ್ಕು ಫೌಲು ಅವನವಲ್ಲ, ಇವರ ಸೋಮಾರಿತನದವು. ಮೊದಲ ವರ್ಷ ನಾನು ಹೊಸ ಹುಡುಗನಿಗೆ ಕಲಿಸಿದ್ದಕ್ಕಿಂತ ಹಳೇ ಹುಡುಗರನ್ನು ಬೈದದ್ದೇ ಹೆಚ್ಚು.

ನೂರಡಿ ರೋಡ್ ಗೌಡ · 27 ಜೂನ್, ಸಂಜೆ 7:05

ಮೇಷ್ಟ್ರೇ ನಮಸ್ಕಾರ, ನಮ್ಮೋರೇ ನೀವು. ಕೊನೆಗೆ ಆ ಹುಡ್ಗ ಏನಾದ ಯೋಳಿ, ಅರ್ಧ ಕತೆ ಯೋಳಿ ಬುಟ್‌ಬ್ಯಾಡಿ.

ಪಿಟಿ ಮೇಷ್ಟ್ರು ನಿವೃತ್ತ · 27 ಜೂನ್, ಸಂಜೆ 7:30

ಎರಡನೇ ವರ್ಷ ಜಿಲ್ಲೆ ಗೆದ್ದೆವು. ತಮಾಷೆ ಎಂದರೆ ಆ ವರ್ಷ ಅವನು ಅರ್ಧ ಪಂದ್ಯಗಳಲ್ಲಿ ಆಡಲಿಲ್ಲ, ಗದ್ದೆ ಬದುವಿನಲ್ಲಿ ಜಾರಿ ಕಾಲು ಉಳುಕಿತ್ತು. ಈಗ ಬೆಂಗಳೂರಿನಲ್ಲಿ ಬ್ಯಾಂಕಿನಲ್ಲಿದ್ದಾನೆ. ಬಾಗಿಲಲ್ಲಿ ಬಗ್ಗಿಕೊಂಡೇ ಬರುತ್ತಾನೆ.

ಬೆಳಗಿನ ಆರೂವರೆ · 27 ಜೂನ್, ರಾತ್ರಿ 8:20

ಮೇಷ್ಟ್ರೇ, ನಿಮ್ಮ ಕತೆ ಓದಿ ಮೈ ಜುಂ ಅಂತು, ಯಾಕಂದ್ರೆ ಸ್ಪರ್ಸ್‌ದೂ ಇದೇ. ಎರಡನೇ ವರ್ಷ, 2024–25ರಲ್ಲಿ, 34 ಗೆಲುವು. ವೆಂಬಿ ಆಡಿದ್ದು 46 ಪಂದ್ಯ ಮಾತ್ರ. ಫೆಬ್ರವರಿಯಲ್ಲಿ ಬಲಭುಜದಲ್ಲಿ ರಕ್ತ ಹೆಪ್ಪುಗಟ್ಟಿರೋದು ಗೊತ್ತಾಗಿ ಅಲ್ಲಿಗೆ ಸೀಸನ್ ಮುಗೀತು. ಅದಕ್ಕೂ ಮುಂಚೆ, ನವೆಂಬರ್‌ನಲ್ಲಿ, ಪೊಪೊವಿಚ್‌ಗೆ ಪಾರ್ಶ್ವವಾಯು ಆಗಿತ್ತು. ಕೋಚ್ ಇಲ್ಲ, ನಾಯಕ ಇಲ್ಲ, ಆದ್ರೂ 12 ಗೆಲುವು ಜಾಸ್ತಿ.

ಆ "ವಾಪಸ್ ಹೋದವರ" ವಿಷಯ: ಮೊದಲ ವರ್ಷ ವೆಂಬಿ 71 ಪಂದ್ಯದಲ್ಲಿ 254 ಬ್ಲಾಕ್ ಮಾಡಿದ, ಲೀಗ್‌ನಲ್ಲೇ ಜಾಸ್ತಿ. ಅದು ಲೆಕ್ಕಕ್ಕೆ ಸಿಕ್ಕಿದ್ದು. ಸಿಗದೇ ಇದ್ದದ್ದು ಅದರ ಎಷ್ಟು ಪಟ್ಟೋ. ಲೇಅಪ್‌ಗೆ (ಬುಟ್ಟಿ ಹತ್ರ ಓಡಿ ಬಂದು ಚೆಂಡು ಹಾಕೋಕೆ) ಬಂದ ಗಾರ್ಡು ಬುಟ್ಟಿ ಕೆಳಗಿಂದ ಹಾದು, ಆಕಡೆ ಬೇಸ್‌ಲೈನ್‌ನಿಂದ ಹೊರಗೆ ಬಂದು ಮತ್ತೆ ಮೊದಲಿಂದ ಶುರು ಮಾಡೋದನ್ನ ನೋಡ್ತಾ ನೋಡ್ತಾ ನನ್ನ ಮಗಳು "ಅಂಕಲ್ ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕ್ತಿದಾರಾ?" ಅಂತ ಕೇಳಿದ್ದಳು. ಲೀಗ್‌ನವರಿಗೂ ಅದು ಕಂಡಿರಬೇಕು. ವರ್ಷದ ಅತ್ಯುತ್ತಮ ಡಿಫೆಂಡರ್‌ಗಳ ಪಟ್ಟಿಯಾದ ಆಲ್-ಡಿಫೆನ್ಸಿವ್ ಮೊದಲ ಟೀಮ್‌ಗೆ ಒಬ್ಬ ರೂಕಿ ಸೇರಿದ್ದು ಅದೇ ಮೊದಲು. ವರ್ಷದ ಅತ್ಯುತ್ತಮ ಡಿಫೆಂಡರ್ ಓಟಿನಲ್ಲಿ ರೂಡಿ ಗೋಬೇರ್ ನಂತರ ಇವನೇ. 60 ಪಂದ್ಯ ಸೋತ ಟೀಮಿನ ಹುಡುಗನಿಗೆ!

ಮಾಜಿ ವಿವಿ ನಂಬರ್ 7 · 27 ಜೂನ್, ರಾತ್ರಿ 9:45

ಅರ್ಧ ದಿನ ಓದಿದೆ, ಒಬ್ಬರಾದ್ರೂ ಹೆಣ್ಣುಮಕ್ಕಳ ಲೀಗ್ ಎತ್ತುತ್ತೀರಾ ಅಂತ. ಎತ್ತಲಿಲ್ಲ. ಸರಿ, ನಾನೇ ಎತ್ತುತ್ತೀನಿ. ಮೈಸೂರು ವಿವಿ ತಂಡಕ್ಕೆ ಪಾಯಿಂಟ್ ಗಾರ್ಡ್ ಆಗಿ ಆಡಿದವಳು, ಈಗ ಸರಸ್ವತಿಪುರಂನಲ್ಲಿ ಸಂಸಾರಸ್ಥೆ, ಮಂಡಿ ಎರಡೂ ಹೋಗಿವೆ.

ರೂಕಿಯ ಪರಿಣಾಮ ಅಂದ್ರೆ 2024ರ ಕೇಟ್ಲಿನ್ ಕ್ಲಾರ್ಕ್‌ನ ಬಿಟ್ಟು ಮಾತಾಡೋಕೆ ಆಗಲ್ಲ. ಇಂಡಿಯಾನ ಫೀವರ್ 2023ರಲ್ಲಿ 13 ಗೆದ್ದು 27 ಸೋತಿತ್ತು. ಅವಳು ಬಂದ ವರ್ಷ 20–20. 2016ರ ನಂತರ ಮೊದಲ ಸಲ ಪ್ಲೇಆಫ್. ಆದ್ರೆ ಶುರುವಿನಲ್ಲಿ ನೋಡಬೇಕಿತ್ತು, ಒಂಬತ್ತು ಪಂದ್ಯದಲ್ಲಿ ಒಂದೇ ಗೆಲುವು! ಎಲ್ಲರೂ "ಕಾಲೇಜು ಆಟ ಬೇರೆ ಕಣಮ್ಮ" ಅಂದ್ರು. ಉಳಿದ 31ರಲ್ಲಿ 19 ಗೆದ್ದರು.

ಅವಳು ಮಾಡಿದ್ದೇನು ಅಂತ ಗಾರ್ಡ್ ಆಡಿದ ನನಗೆ ಹೊಟ್ಟೆಯೊಳಗಿಂದ ಅರ್ಥ ಆಗುತ್ತೆ. ಮಧ್ಯದ ಲೋಗೋ ಹತ್ತಿರ ನಿಂತೂ ಬುಟ್ಟಿಗೆ ಹಾಕ್ತಾಳೆ ಅನ್ನೋ ಭಯಕ್ಕೆ ಎದುರಾಳಿ ಅಷ್ಟು ದೂರ ಬಂದು ಕಾಯಬೇಕು. ಒಬ್ಬಳಲ್ಲ, ಸ್ಕ್ರೀನ್ ಬಂದಾಗ ಇಬ್ಬರು. ಇಬ್ಬರು ಅಲ್ಲಿದ್ದರೆ ಒಳಗೆ ನಾಲ್ಕು ಜನಕ್ಕೆ ಮೂರೇ ಜನ. ಆ ಸಂದಿನಲ್ಲಿ ಅಲೀಯಾ ಬಾಸ್ಟನ್, ಕೆಲ್ಸಿ ಮಿಚೆಲ್. ಬಾಸ್ಟನ್ ಯಾರು? ಹಿಂದಿನ ವರ್ಷದ ಮೊದಲ ಆಯ್ಕೆ, ಹಿಂದಿನ ವರ್ಷದ ಅತ್ಯುತ್ತಮ ರೂಕಿ. ಗೌಡ್ರೇ, ನಿಮ್ಮ ಎತ್ತಿನ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತೆ. ಇಲ್ಲಿ ಎರಡೂ ಹಳ್ಳಿಕಾರ್.

ಇನ್ನೊಂದು ಮಾತು. ಆ ವರ್ಷ ಅವಳದು 337 ಅಸಿಸ್ಟ್ (ಬುಟ್ಟಿಗೆ ಬಿದ್ದ ಶಾಟ್‌ಗೆ ಕೊಟ್ಟ ಪಾಸ್), ಆಗ ಅದು ಲೀಗ್ ದಾಖಲೆ. ಜೊತೆಗೆ 223 ಟರ್ನೋವರ್ (ಚೆಂಡು ಎದುರಾಳಿಗೆ ಬಿಟ್ಟುಕೊಟ್ಟಿದ್ದು), ಅದೂ ದಾಖಲೆ! ಡಲ್ಲಾಸ್ ವಿಂಗ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 19 ಅಸಿಸ್ಟ್ ಕೊಟ್ಟು ದಾಖಲೆ ಮಾಡಿದ್ದೂ ಆ ವರ್ಷವೇ, ಪಂದ್ಯ ಮಾತ್ರ ಸೋತರು. ಶುರುವಿನ ಟರ್ನೋವರ್‌ಗಳನ್ನ ನಿಧಾನಗತಿಯಲ್ಲಿ ನೋಡಿ. ಪಾಸ್ ಸರಿಯಾಗೇ ಇರುತ್ತೆ, ಹಿಡಿಯೋಳು ಅಲ್ಲಿ ಬರುತ್ತೆ ಅಂತ ನಿರೀಕ್ಷೆನೇ ಮಾಡಿರಲ್ಲ. ಚೆಂಡು ಬೆರಳಿಗೆ ತಗುಲಿ ಹೊರಗೆ. ತಪ್ಪು ಬರೆದಿದ್ದು ಕ್ಲಾರ್ಕ್ ಹೆಸರಿಗೆ. ಮೇಷ್ಟ್ರೇ, ಅದಕ್ಕೂ ಕಾಲಂ ಇಲ್ಲ.

ನಾನು ಮೊದಲ ವರ್ಷ ವಿವಿ ಕ್ಯಾಂಪ್‌ಗೆ ಹೋದಾಗ ಸೀನಿಯರ್ ಅಕ್ಕ ಒಬ್ಬರು ನನ್ನ ಪಾಸ್ ಮುಖಕ್ಕೆ ತಗುಲಿಸಿಕೊಂಡು ಒಂದು ವಾರ ಮಾತಾಡಿಸಲಿಲ್ಲ. ಎರಡನೇ ತಿಂಗಳಿಗೆ ಅದೇ ಪಾಸ್‌ಗೆ ಕೈ ಚಾಚಿ ಕಾಯ್ತಿದ್ದರು.

ಜನರ ಲೆಕ್ಕ ಬೇಕಿದ್ದರೆ, ಫೀವರ್ ತವರು ಪಂದ್ಯಕ್ಕೆ ಆ ವರ್ಷ ಸರಾಸರಿ 17,036 ಜನ. ವಾಷಿಂಗ್ಟನ್‌ನವರು ತಮ್ಮ ಸಣ್ಣ ಕ್ರೀಡಾಂಗಣ ಬಿಟ್ಟು ದೊಡ್ಡದಕ್ಕೆ ಪಂದ್ಯ ಸಾಗಿಸಿದರು, 20,711 ಜನ ಬಂದರು. ಎದುರಾಳಿ ಊರಿನಲ್ಲಿ! ನಮ್ಮ ಕಾಲದಲ್ಲಿ ಚಾಮುಂಡಿ ವಿಹಾರದಲ್ಲಿ ಫೈನಲ್‌ಗೆ ಬಂದವರನ್ನ ನಾನೇ ಬೆರಳಲ್ಲಿ ಎಣಿಸಿದ್ದೆ, ಅದರಲ್ಲೂ ಇಬ್ಬರು ನಮ್ಮಪ್ಪ ಮತ್ತು ಅವರ ಸ್ನೇಹಿತರು.

ಪಿಯುಸಿ ಹುಡುಗ ನಾನೇ · 28 ಜೂನ್, ಬೆಳಿಗ್ಗೆ 7:15

ಲೆಫ್ಟಿ ಅಣ್ಣ ನನ್ನ ಬಗ್ಗೆ ಹಾಕಿರೋ ಪೋಸ್ಟ್ ಇವತ್ತು ನೋಡಿದೆ. ಥ್ಯಾಂಕ್ಸ್ ಅಣ್ಣ, ಹೆಸರು ಹಾಕಿಲ್ಲ.

ನೀವೆಲ್ಲ ಹೇಳಿದ್ದೇ ನನ್ನ ಪಾಯಿಂಟು. ಡಲ್ಲಾಸ್ ಸ್ಪರ್ಸ್ ಥರ ಬರಿಗೈ ಟೀಮ್ ಅಲ್ಲ. ಕಳೆದ ಸೀಸನ್ 39–43. ಆಂಟನಿ ಡೇವಿಸ್ ಇದಾನೆ. ಕೈರಿ ಅರ್ವಿಂಗ್ ಮಂಡಿ ಲಿಗಮೆಂಟ್ ಹರಿದುಕೊಂಡಿದಾನೆ, ಆದ್ರೆ ವಾಪಸ್ ಬರ್ತಾನೆ. ಡ್ರಾಫ್ಟ್‌ನಲ್ಲಿ ಯಾರು ಮೊದಲು ಆರಿಸಬೇಕು ಅಂತ ತೆಗೆಯೋ ಲಾಟರಿಯಲ್ಲಿ ಅವರಿಗೆ ಮೊದಲ ಆಯ್ಕೆ ಸಿಗೋ ಸಾಧ್ಯತೆ ಇದ್ದಿದ್ದೇ 1.8 ಪರ್ಸೆಂಟ್! ಕೆಟ್ಟ ಟೀಮ್‌ಗೆ ಸಿಗಬೇಕಾದ ಹುಡುಗ ಒಳ್ಳೇ ಟೀಮ್‌ಗೆ ಸಿಕ್ಕಿದಾನೆ.

ಅಂಕಿ ಲೆಕ್ಕ · 28 ಜೂನ್, ಬೆಳಿಗ್ಗೆ 9:00

ಭೇಷ್. ಹುಡುಗ ನನಗಿಂತ ಮುಂಚೆ ಅಲ್ಲಿಗೆ ಬಂದ. ನಿನ್ನೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಇದೇ.

1996–97ರ ಸ್ಪರ್ಸ್ 20 ಗೆದ್ದಿದ್ದು ಯಾಕೆ? ರಾಬಿನ್‌ಸನ್ ಗಾಯಗೊಂಡು ಆ ವರ್ಷ ಬರೀ 6 ಪಂದ್ಯ ಆಡಿದ್ದ. ಅದು 20 ಗೆಲುವಿನ ಟೀಮೇ ಅಲ್ಲ, ಕಾಯಿಲೆ ಬಿದ್ದ ದೊಡ್ಡ ಟೀಮು. ಮುಂದಿನ ವರ್ಷ ರಾಬಿನ್‌ಸನ್ ಎದ್ದು ಬಂದ, ಪಕ್ಕದಲ್ಲಿ ಡಂಕನ್ ನಿಂತ. ಆ 36ರಲ್ಲಿ ಡಂಕನ್‌ದು ಎಷ್ಟು, ವಾಪಸ್ ಬಂದ ರಾಬಿನ್‌ಸನ್‌ದು ಎಷ್ಟು? 1989ರಲ್ಲೂ ರಾಬಿನ್‌ಸನ್ ಒಬ್ಬನೇ ಬರಲಿಲ್ಲ, ಅದೇ ಬೇಸಿಗೆಯಲ್ಲಿ ಟೆರಿ ಕಮಿಂಗ್ಸ್‌ನ ಟ್ರೇಡ್‌ನಲ್ಲಿ (ಬೇರೆ ಟೀಮ್ ಜೊತೆ ಆಟಗಾರರ ವಿನಿಮಯದಲ್ಲಿ) ತಂದ್ರು, ಡ್ರಾಫ್ಟ್‌ನಲ್ಲಿ ಶಾನ್ ಎಲಿಯಟ್ ಸಿಕ್ಕ. ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ 1980ರಲ್ಲಿ ರೂಕಿಯಾಗೇ ಕಪ್ ಗೆದ್ದ, ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಕರೀಮ್ ಕಣಕಾಲು ನೋವಿಂದ ಬರದೇ ಇದ್ದಾಗ ಗಾರ್ಡ್ ಆಗಿದ್ದೋನು ಸೆಂಟರ್ ಜಾಗದಲ್ಲಿ ಟಿಪ್‌ಆಫ್‌ಗೆ (ಆಟ ಶುರುವಿನ ಜಂಪ್‌ಗೆ) ನಿಂತು 42 ಪಾಯಿಂಟ್, 15 ರೀಬೌಂಡ್ ಮಾಡಿದ. ಎಲ್ಲರಿಗೂ ಆ ರಾತ್ರಿ ನೆನಪಿರುತ್ತೆ. ಆದ್ರೆ ಅವನು ಬರೋಕೆ ಮುಂಚೇನೇ ಆ ಲೇಕರ್ಸ್ 47 ಗೆದ್ದ ಟೀಮು. ಅದು ಯಾರಿಗೂ ನೆನಪಿರಲ್ಲ.

ಶಿಕಾಗೊದಲ್ಲಿ ಜೋರ್ಡನ್‌ಗೆ, ಕ್ಲೀವ್‌ಲ್ಯಾಂಡ್‌ನಲ್ಲಿ ಲೆಬ್ರಾನ್‌ಗೆ ಅಂಥ ಜೊತೆಗಾರರು ಪಕ್ಕದಲ್ಲಿ ಇರಲಿಲ್ಲ.

ದುಡ್ಡಿನ ಮಾತೂ ಸೇರಿಸ್ತೀನಿ. ವೆಂಬನ್ಯಾಮನ ಮೊದಲ ವರ್ಷದ ಸಂಬಳ ಸುಮಾರು 1 ಕೋಟಿ 21 ಲಕ್ಷ ಡಾಲರ್. ಕೇಳೋಕೆ ದೊಡ್ಡದು, ಆದ್ರೆ ಆ ಮಟ್ಟದ ಅನುಭವಿ ಆಟಗಾರನಿಗೆ ಅದರ ಮೂರು ನಾಲ್ಕು ಪಟ್ಟು ಕೊಡಬೇಕಾಗುತ್ತೆ. ಮೊದಲ ನಾಲ್ಕು ವರ್ಷ ರೂಕಿ ಸಂಬಳ ನಿಯಮದಂತೆ ಗೊತ್ತುಪಡಿಸಿದ್ದು, ಅವನು ಎಷ್ಟೇ ಚೆನ್ನಾಗಿ ಆಡಿದ್ರೂ ಅಷ್ಟೆ. ಉಳಿದ ದುಡ್ಡಲ್ಲಿ ಪಕ್ಕದವರನ್ನ ತರಬಹುದು. ಸ್ಪರ್ಸ್ ಕಳೆದ ಫೆಬ್ರವರಿಯಲ್ಲಿ ಡಿ'ಆರನ್ ಫಾಕ್ಸ್‌ನ ತಂದಿದ್ದು ಆ ಲೆಕ್ಕದಲ್ಲೇ. ಈ ವರ್ಷದ ಅತ್ಯುತ್ತಮ ರೂಕಿ ಸ್ಟೀಫನ್ ಕ್ಯಾಸಲ್ ಕೂಡ ಅವರವನೇ. ಮೊನ್ನೆ ಎರಡನೇ ಆಯ್ಕೇಲಿ ಡಿಲನ್ ಹಾರ್ಪರ್ ಸಿಕ್ಕ. ಆರೂವರೆ ಸರ್, ಇನ್ಮೇಲೆ ಚಿತ್ರಾನ್ನಕ್ಕೆ ಉಪ್ಪು ನೋಡಿ ಹಾಕಿ.

ನೂರಡಿ ರೋಡ್ ಗೌಡ · 28 ಜೂನ್, ಬೆಳಿಗ್ಗೆ 10:20

ಅಂಗಾರೆ ನಾ ಮೊದ್ಲೇ ಯೋಳಿದ್ದೇ ಸರಿ ಅಂತಾಯ್ತು. ಒಂದೆತ್ತು. ಇಷ್ಟು ಸುತ್ತಾಕ್ಕಂಡು ಅಲ್ಲಿಗೇ ಬಂದ್ರಿ.

ಆದ್ರೆ ಒಸಿ ತಕರಾರು ಐತೆ. ಡಲ್ಲಾಸ್‌ನೋರು ಫೆಬ್ರವರೀಲಿ ಡಾಂಚಿಚ್‌ನ ಲೇಕರ್ಸ್‌ಗೆ ಕೊಟ್‌ಬುಟ್ರಲ್ಲ, ಅದುಕ್ಕೆ ಅಲ್ಲಿ ಜನ ಬೀದಿಗಿಳುದಿದ್ರು. ಈಗ ಹದ್ನೆಂಟ್ ವರ್ಸದ್ ಹುಡ್ಗ ಬಂದು ಆ ಗಾಯ ವಾಸಿ ಮಾಡ್ಬೇಕು ಅಂತಾರೆ. ಅದು ಆಟುದ್ ಭಾರ ಅಲ್ಲ, ಊರುನ್ ಭಾರ. ವೆಂಬಿಗೆ ಸೋಲಕ್ಕೆ ಪುರಸೊತ್ತು ಕೊಟ್ರು. ಹದ್ನೆಂಟು ಸೋತ್ರೂ ಯಾರೂ ಬೈನಿಲ್ಲ, ಪೊಪೊವಿಚ್ ಅಂತ ಹಳೇ ಹುಲಿ ಮುಂದ್ಗಡೆ ನಿಂತಿದ್ದ. ಈ ಹುಡ್ಗುನ್ಗೆ ಆ ಪುರಸೊತ್ತು ಕೊಡ್ತಾರಾ? ಐದು ಮ್ಯಾಚ್ ಸೋತ್ರೆ "ಡಾಂಚಿಚ್ ಇದ್ದಿದ್ರೆ" ಅಂತ ಶುರು ಮಾಡ್ತಾರೆ, ನೋಡ್ತಿರಿ.

ಮಾಜಿ ವಿವಿ ನಂಬರ್ 7 · 28 ಜೂನ್, ಬೆಳಿಗ್ಗೆ 10:50

ಗೌಡ್ರೇ, ಇಡೀ ಚರ್ಚೆಯಲ್ಲಿ ಇದೊಂದೇ ಹೊಸ ಮಾತು. ಒಪ್ಪಿದೆ. ಕ್ಲಾರ್ಕ್‌ಗೂ ಪುರಸೊತ್ತು ಸಿಗಲಿಲ್ಲ, ಪ್ಲೇಆಫ್‌ಗೆ ತಂದ ಕೋಚ್‌ನೇ ಆ ವರ್ಷದ ಕೊನೆಗೆ ತೆಗೆದರು. ಒಬ್ಬಳು ಬಂದಮೇಲೆ ಎಲ್ಲರ ಅಳತೆಗೋಲೂ ಬದಲಾಗುತ್ತೆ. ಹಿಂದಿನ ವರ್ಷ 20 ಗೆದ್ದಿದ್ದರೆ ಆ ಕೋಚ್‌ಗೆ ಹಾರ ಹಾಕ್ತಿದ್ದರು.

ಪಿಟಿ ಮೇಷ್ಟ್ರು ನಿವೃತ್ತ · 28 ಜೂನ್, ಮಧ್ಯಾಹ್ನ 12:10

ಲೆಫ್ಟಿಯವರೇ, ನಿಮ್ಮ ಕೋರ್ಟಿನಲ್ಲಿ ಎತ್ತರದ ಹುಡುಗ ಯಾರಾದರೂ ಇದ್ದರೆ ಒಂದು ಕೆಲಸ ಮಾಡಿ. ಸ್ಕೋರ್‌ಶೀಟಿನ ಬಲಬದಿ ಖಾಲಿ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಮೇಲೆ "ವಾಪಸ್" ಎಂದು ಬರೆಯಿರಿ. ಒಳಗೆ ಬಂದು ಶಾಟ್ ಹಾಕದೆ ತಿರುಗಿದವರನ್ನೆಲ್ಲ ಗೀಟು ಹಾಕಿ. ನಾನು ಆ ವರ್ಷದಿಂದ ಹಾಗೇ ಮಾಡಿದೆ. ಸಂಘದವರು ಒಮ್ಮೆ "ಇದೇನ್ರೀ ಗೀಚಿದೀರಿ" ಎಂದು ಕೇಳಿದ್ದರು.

ಕುವೆಂಪುನಗರ ಲೆಫ್ಟಿ · 29 ಜೂನ್, ಬೆಳಿಗ್ಗೆ 10:35

ಈಗಷ್ಟೇ ಮನೆಗೆ ಬಂದೆ. ಭಾನುವಾರ ಆದ್ದರಿಂದ ಪಕ್ಕದ ಬಡಾವಣೆಯ ಹುಡುಗರ ಜೊತೆ ಪೂರ್ತಿ ಮ್ಯಾಚ್ ಇತ್ತು. ನಮ್ಮಲ್ಲಿ ಒಬ್ಬ ಹೊಸಬ ಇದಾನೆ, ಡಿಪ್ಲೊಮಾ ಮೊದಲ ವರ್ಷ, ಆರಡಿ ಮೂರಿಂಚು, ಬಂದು ಮೂರು ವಾರ ಆಗಿದೆ. ಎಡಗೈಯಲ್ಲಿ ಲೇಅಪ್ ಬರಲ್ಲ, ಬಲಗೈಯಲ್ಲೂ ಅನುಮಾನ. ಮೇಷ್ಟ್ರು ಹೇಳಿದ ಹಾಗೆ ಗೆರೆ ಎಳೆದು ಪಿಯುಸಿ ಹುಡುಗನ್ನ ಎಣಿಸೋಕೆ ಕೂರಿಸಿದೆ. ಅವನಿಗೆ ಕಾಲು ಉಬ್ಬಿತ್ತು, ಹೇಗೂ ಆಡೋ ಹಾಗಿರಲಿಲ್ಲ.

ಎತ್ತರದವನು ಕೋರ್ಟಲ್ಲಿ ಇದ್ದಾಗ 9 ಗೀಟು. ಅವನು ಹೊರಗೆ ಕೂತಿದ್ದ ಹೊತ್ತಲ್ಲಿ 1. ಆ ಒಂದೂ ಯಾಕಂದ್ರೆ ನೀರಲ್ಲಿ ಜಾರಿದ್ದಕ್ಕೆ, ಹೆದರಿ ಅಲ್ಲ ಅಂತ ಹುಡುಗ ಪಕ್ಕದಲ್ಲಿ ಬರೆದಿದಾನೆ.

31–38. ಸೋತ್ವಿ.